120 ಲಕ್ಷ ವರಹ ಯಾರ ದುಡಿಮೆ?

9 ಫೆಬ್ರವರಿ 2025, ಭಾನುವಾರ
ಚಿತ್ರದುರ್ಗ

ಅಕ್ಕನ ಮಗಳು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾಳೆ. ಊಟಕ್ಕೆ ಕೂತಾಗ ಕೇಳಿದಳು: "ಮಾಮ, ವಿಜಯನಗರದ ಬೀದಿಯಲ್ಲಿ ಮುತ್ತು ರತ್ನ ಮಾರುತ್ತಿದ್ದರು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಹಾಗಾದ್ರೆ ಬಡವರು ಎಲ್ಲಿದ್ದರು?" ಸಂಜೆವರೆಗೂ ಇದೇ ಮಾತಾಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಬಡವರು ಹೊಲದಲ್ಲಿದ್ದರು. ಅವರ ಪಾಡು ಬರೆದವನು ಒಬ್ಬ ಕುದುರೆ ವ್ಯಾಪಾರಿ, ಪೋರ್ಚುಗಲ್ಲಿನ ನೂನಿಜ್. 1535ರ ಆಸುಪಾಸಿನಲ್ಲಿ, ಅಚ್ಯುತರಾಯ ಆಳುತ್ತಿದ್ದಾಗ ಅವನು ಅಲ್ಲಿದ್ದ. ಅವನ ಲೆಕ್ಕ ಹೀಗಿದೆ: ಭೂಮಿಯೆಲ್ಲ ಅರಸನದು, ಅದನ್ನು ಹಿಡಿದವರು 200ಕ್ಕೂ ಹೆಚ್ಚು ನಾಯಕರು. ನಾಡಿನ ಹುಟ್ಟುವಳಿ 120 ಲಕ್ಷ ವರಹ, ಅಂದರೆ ಆಗಿನ ಚಿನ್ನದ ನಾಣ್ಯ. ಅದರಲ್ಲಿ 60 ಲಕ್ಷ ಅರಸನಿಗೆ. ಉಳಿದದ್ದರಲ್ಲಿ ನಾಯಕರು ಸೈನಿಕರಿಗೆ ಸಂಬಳ ಕೊಡಬೇಕು, ಆನೆ ಸಾಕಬೇಕು. ಮಹಾನವಮಿಯ ಒಂಬತ್ತು ದಿನಗಳಲ್ಲಿ ಅರಸನ ಪಾಲು ಬಂದು ಬೀಳಬೇಕು. ಇದರಿಂದಲೇ ಜನ ತುಂಬಾ ಕಷ್ಟಪಡುತ್ತಾರೆ, ಭೂಮಿ ಹಿಡಿದವರು ಅಷ್ಟು ಕ್ರೂರಿಗಳು ಅಂತ ಅವನು ನೇರವಾಗಿಯೇ ಹೇಳುತ್ತಾನೆ. ರೈತ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಕೊಡುತ್ತಿದ್ದ ಅಂತಲೂ ಬರೆದಿದ್ದಾನೆ. ಇದು ಉತ್ಪ್ರೇಕ್ಷೆ ಅನ್ನುವ ವಿದ್ವಾಂಸರಿದ್ದಾರೆ. ನನಗೂ ಜಾಸ್ತಿ ಅನಿಸುತ್ತದೆ. ಅರ್ಧ ನಿಜವಾದರೂ ಸಾಕು, ಉಸಿರು ಕಟ್ಟುವಷ್ಟು ಭಾರ ಅದು.

ಇದೇ ಅಮರನಾಯಕ ಪದ್ಧತಿ. ಇದರ ಹಿಂದೆ ಇದ್ದದ್ದು ಯುದ್ಧದ ಖರ್ಚು. ಒಳ್ಳೆಯ ಕುದುರೆ ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕು, ಕೈಯಲ್ಲಿ ನಗದು ಇರಬೇಕು. ಅಷ್ಟು ದೊಡ್ಡ ಸೈನ್ಯವನ್ನು ಅರಸನೊಬ್ಬನೇ ಸಾಕುವುದು ಆಗದ ಮಾತು. ಹಾಗಾಗಿ ಸೀಮೆ ಹಂಚಿಕೊಟ್ಟ. ಆದರೆ ಕೊಟ್ಟದ್ದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ನಮ್ಮ ಕಡೆ ಪಂಚಾಯಿತಿಯವರು ಹುಣಸೆ ಮರ ಹರಾಜು ಹಾಕುತ್ತಾರಲ್ಲ, ಹಾಗೆ. ಈ ವರ್ಷ ಹಿಡಿದವನಿಗೆ ಮುಂದಿನ ವರ್ಷದ ಖಾತ್ರಿ ಇಲ್ಲ. ಅವನು ಕೊಂಬೆ ಮುರಿದರೂ ಸರಿ, ಒಂದು ಹಣ್ಣೂ ಬಿಡುವುದಿಲ್ಲ.

"ಹಾಗಾದ್ರೆ ಮುಂದೆ ಆ ಸೀಮೆ ನಾಯಕರಿಗೆ ವಂಶಪಾರಂಪರ್ಯ ಆಗಿದ್ದು ಒಳ್ಳೇದಾಯ್ತಾ?" ಅಂದಳು. ಇಲ್ಲಿಗೇ ನಮ್ಮ ದುರ್ಗ ಬರುತ್ತದೆ. 1565ರಲ್ಲಿ ತಾಳಿಕೋಟೆ ಯುದ್ಧ ಸೋತ ಮೇಲೆ ಅರಸರು ಪೆನುಕೊಂಡೆಗೆ ಹೋದರು. ದೂರದ ಅರಸನ ಹಿಡಿತ ಸಡಿಲವಾಯಿತು. ವಿಜಯನಗರದ ಕೈಕೆಳಗೆ ಬೆಳೆದ ತಿಮ್ಮಣ್ಣ ನಾಯಕನ ಮನೆತನಕ್ಕೆ ಈ ಕೋಟೆ ತಮ್ಮದೇ ಆಯಿತು. ನೆಲ ತಮ್ಮದು ಅನ್ನುವ ಭರವಸೆ ಬಂದಾಗ ಕೆರೆಗಳೂ ಬಂದವು. ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಭರಮಸಾಗರ, ಭರಮಣ್ಣ ನಾಯಕನ ಹೆಸರಿನ ಊರು. ಅಲ್ಲಿನ ಕೆರೆ ನೋಡಿದರೆ ಯಾರಿಗಾದರೂ ಕೈ ಮುಗಿಯಬೇಕು ಅನಿಸುತ್ತದೆ. ನನಗೆ ದುರ್ಗದ ನಾಯಕರ ಮೇಲೆ ಅಭಿಮಾನ ಇದ್ದೇ ಇದೆ. ಆದರೂ ಏಳು ಸುತ್ತಿನ ಕೋಟೆ ಹತ್ತುವಾಗಲೆಲ್ಲ ಆ ಕಲ್ಲು ಹೊತ್ತವರ ಕೂಲಿಯ ಯೋಚನೆ ಬರುತ್ತದೆ.

ಕೆರೆಯ ವಿಷಯದಲ್ಲೂ ಒಂದು ಮಾತಿದೆ. ವಿಜಯನಗರದ ಕಾಲದಲ್ಲಿ ಕೆರೆ ಕಟ್ಟಿಸಿದವರಿಗೆ ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಸಿಗುತ್ತಿತ್ತು. ದಶವಂದ, ಕಟ್ಟುಕೊಡಗೆ ಅಂತ ಶಾಸನಗಳಲ್ಲಿ ಬರುತ್ತದಲ್ಲ, ಅದೇ. ಕಟ್ಟಿಸಲು ದುಡ್ಡು ಇದ್ದವರು ಯಾರು? ನಾಯಕರು, ದೇವಸ್ಥಾನಗಳು, ಊರಿನ ಉಳ್ಳವರು. ಒಣ ಹೊಲಕ್ಕೆ ನೀರು ಬಂತು, ಒಳ್ಳೆಯದೇ. ಆದರೆ ನೀರಾವರಿಯ ಒಳ್ಳೆ ನೆಲ ಉಳ್ಳವರ ಕಡೆಗೇ ಸರಿಯಿತು.

ಇದರ ಮೇಲೆ ಮಗ್ಗದೆರೆ, ಗಾಣದೆರೆ, ಮದುವೆ ಸುಂಕ. ಮದುವೆಗೂ ಸುಂಕ ಅಂದಾಗ ಅವಳು ಅನ್ನ ಕಲಸುವುದನ್ನೇ ನಿಲ್ಲಿಸಿದಳು.

ವಿನಾಯಿತಿ ಸಿಕ್ಕಿದ್ದೂ ಉಂಟು. ಸದಾಶಿವರಾಯನ ಕಾಲದಲ್ಲಿ ನಿಜವಾದ ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿತ್ತು. ಅವನಿಗೆ ಕ್ಷೌರ ಮಾಡುತ್ತಿದ್ದವನು ಕೊಂಡೋಜ. ರಾಮರಾಯ ಅವನನ್ನು ಮೆಚ್ಚಿ ಕ್ಷೌರಿಕರ ತೆರಿಗೆ ಬಿಟ್ಟ. ಬಿಟ್ಟಿ ಚಾಕರಿ ಬಿಟ್ಟ, ಮಹಾನವಮಿಗೆ ಪಂಜು ಹಿಡಿಯುವ ಕೆಲಸವನ್ನೂ ಬಿಟ್ಟ. ಬಾದಾಮಿಯ ಶಾಸನ ಇದನ್ನು ಹೇಳುತ್ತದೆ. ಕೊಂಡೋಜ ತನಗೊಬ್ಬನಿಗೇ ಏನೂ ಕೇಳಿಕೊಳ್ಳಲಿಲ್ಲ, ಕಸುಬಿನವರಿಗೆಲ್ಲ ದೊರಕಿಸಿಕೊಟ್ಟ. ಅದಕ್ಕೇ ಅವನು ನನಗೆ ದೊಡ್ಡವನಾಗಿ ಕಾಣುತ್ತಾನೆ. ಆದರೆ ನೇಗಿಲು ಹಿಡಿದವನು ರಾಮರಾಯನ ಹತ್ತಿರ ಹೋಗಿ ನಿಲ್ಲುವುದು ಹೇಗೆ?

ಹಾಗೆ ನಿಲ್ಲಲಾಗದವರು ಬೇರೆ ದಾರಿ ಹಿಡಿದದ್ದು ಅದಕ್ಕೂ ಮೊದಲೇ, 1429ರಲ್ಲಿ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ತಂಜಾವೂರು ಸೀಮೆಯಲ್ಲಿ ತೆರಿಗೆ ತಡೆಯಲಾಗದೆ ಬಲಗೈ, ಎಡಗೈ ಎಂದು ಎರಡು ಬಣವಾಗಿದ್ದ ಬೇಸಾಯದ, ಕಸುಬಿನ ಜಾತಿಗಳವರು ಒಂದಾದರು. ಈ ಎರಡು ಬಣಗಳಿಗೂ ತಮ್ಮತಮ್ಮಲ್ಲಿ ಅಷ್ಟಕ್ಕಷ್ಟೆ. ಆದರೂ ಅಧಿಕಾರಿಗಳ ಮತ್ತು ಭೂಒಡೆಯರ ಎದುರು ಒಟ್ಟಿಗೆ ನಿಂತರು. ಯಾವ ಬೆಳೆಗೆ ಎಷ್ಟು ಕೊಡುತ್ತೇವೆ ಅಂತ ತಾವೇ ಕೂತು ದರ ಕಟ್ಟಿದರು, ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು.

"ಇದು ನಮ್ಮ ಸಿಲಬಸ್‌ನಲ್ಲಿ ಎರಡೇ ಸಾಲು ಇದೆ ಮಾಮ" ಅಂದಳು. ಪರೀಕ್ಷೆಯಲ್ಲಿ ಒಂದು ಪುಟ ಬರಿ, ಮುತ್ತುರತ್ನದ ಬೀದಿ ಬಿಟ್ಟರೂ ಪರವಾಗಿಲ್ಲ ಅಂದೆ.