ಬೇಪೂರಿನ ಉರು

ಇವತ್ತು ಕೇರಳದ ಬೇಪೂರಿನಲ್ಲಿ, ಚಾಲಿಯಾರ್ ನದಿ ದಡದಲ್ಲಿ, ಅರ್ಧ ಕಟ್ಟಿದ ಉರು, ಅಂದರೆ ಮರದ ದೊಡ್ಡ ಹಡಗು, ನೋಡಿದೆ. ಹಿರಿಯರೊಬ್ಬರು ಹಲಗೆ ಸಂದಿಗೆ ಹತ್ತಿ ಎಳೆ ತುರುಕಿ ಉಳಿಯಿಂದ ಬಡಿಯುತ್ತಿದ್ದರು. ಬಡಿದು, ಬೆರಳಲ್ಲಿ ಸವರಿ, ಮತ್ತೆ ಬಡಿದರು. ಒಂದು ಹನಿ ನೀರೂ ಒಳಗೆ ಬರಬಾರದು ನೋಡಿ.

ನಕ್ಷೆ ಎಲ್ಲಿ ಅಂತ ಕಣ್ಣಾಡಿಸಿದೆ. ಇಲ್ಲವೇ ಇಲ್ಲ. ಅಳತೆಯೆಲ್ಲ ಮೇಸ್ತ್ರಿಯ ತಲೆಯಲ್ಲಿ! ಇಂಥ ತೇಗದ ಹಡಗುಗಳು ಅರಬ್ಬಿ ಸಮುದ್ರ ದಾಟಿ ಕತಾರ್‌ವರೆಗೂ ಹೋಗುತ್ತವೆ. ಕಟ್ಟಿದವರ ಹೆಸರನ್ನೂ ಅದರ ಮೇಲೆ ಕೆತ್ತಬೇಕು, ಅಲ್ವಾ?

ಹಡಗನ್ನು ನೀರಿಗಿಳಿಸುವವರು ಖಲಾಸಿಗಳು ಎಂಬ ಕೆಲಸಗಾರರು. ಹಗ್ಗ, ರಾಟೆ, ಮರದ ದಿಮ್ಮಿ, ಎಲ್ಲರೂ ಸೇರಿ ಹಾಡುವ ಹಾಡು, ಇಷ್ಟೇ ಅವರ ಬಂಡವಾಳ. 1988ರಲ್ಲಿ ಕೇರಳದ ಪೆರುಮಣ್‌ನಲ್ಲಿ ರೈಲು ಅಷ್ಟಮುಡಿ ಸರೋವರಕ್ಕೆ ಬಿದ್ದಿತ್ತಲ್ಲ, ಆಗ ಬೋಗಿಗಳನ್ನು ಮೇಲೆತ್ತಲು ಕರೆಸಿದ್ದೂ ಖಲಾಸಿಗಳನ್ನೇ.