ಆರನೇ ತಂತಿಯ ಬಾಯಿ ಮುಚ್ಚಿಸೋದು

14 ಜುಲೈ 2024, ಭಾನುವಾರ

ತಿಂಡಿ ಮುಗಿಸುವಷ್ಟರಲ್ಲಿ ಅಕ್ಕನ ಮಗ ಫೋನ್ ಮಾಡಿದ. ಹೋದ ವಾರ ಅವನಿಗೆ ಗಿಟಾರಿಗೆ ಒಂದು ಸಣ್ಣ ಟ್ಯೂನು ಟ್ಯಾಬ್‌ನಲ್ಲಿ, ಅಂದರೆ ತಂತಿಗೊಂದು ಗೆರೆ ಎಳೆದು ಎಲ್ಲಿ ಒತ್ತಬೇಕು ಅಂತ ಅಂಕೆ ಹಾಕೋ ಲಿಪಿಯಲ್ಲಿ, ಬರೆದು ಕಳಿಸಿದ್ದೆ. "ಮಾಮಾ, ನೀನು ಬರೆದ ಹಾಗೇ ನುಡಿಸ್ತಿದೀನಿ. ಎರಡನೇ ಸಾಲು ಯಾಕೋ ಕಲಸುಮೇಲೋಗರ ಆಗ್ತಿದೆ" ಅಂದ. ನುಡಿಸಿ ತೋರಿಸು ಅಂದೆ.

ತಪ್ಪು ಅವನದಲ್ಲ. ಇ ಮೈನರ್ ಕಾರ್ಡ್‌ನಿಂದ ಡಿ ಮೇಜರ್ ಕಾರ್ಡ್‌ಗೆ ಹೋಗುವ ಜಾಗ ಅದು. ಮೊದಲು ಆರನೇ ತಂತಿ ಓಪನ್ (ಎಲ್ಲೂ ಒತ್ತದೆ ಮೀಟೋದು), ಅಂದರೆ ದಪ್ಪ ಇ. ಆಮೇಲೆ ನಾಲ್ಕನೇ ತಂತಿ ಓಪನ್, ಡಿ. ಟ್ಯಾಬ್‌ನಲ್ಲಿ ಎರಡು ಸೊನ್ನೆ, ಅಷ್ಟೇ. ಡಿ ಶುರುವಾದರೂ ಇ ಮಾತ್ರ ಗುಂಯ್ ಅಂತ ಅಡಿಯಲ್ಲಿ ಕೊರೆಯುತ್ತಲೇ ಇತ್ತು. ಒತ್ತಿ ಹಿಡಿದ ಸ್ವರವಾದರೆ ಬೆರಳು ಎತ್ತಿದರೆ ಸಾಕು, ನಿಲ್ಲುತ್ತದೆ. ಓಪನ್ ತಂತಿಗೆ ಯಾವ ಬೆರಳು ಎತ್ತೋದು?

"ಅಲ್ಲೊಂದು ಎಕ್ಸ್ ಹಾಕ್ಕೋ" ಅಂದುಬಿಟ್ಟೆ. ಅವನು ಅಲ್ಲಿ ಆರನೇ ತಂತಿಯನ್ನು ಟಕ್ ಅಂತ ಹೊಡೆದ. ಸರಿಯಾಗೇ ಹೊಡೆದ. ಎಕ್ಸ್ ಅಂದರೆ ತಂತಿ ಅದುಮಿ ಮೀಟು ಅಂತ, ಆಗಲೇ ಮೊಳಗುತ್ತಿರೋದನ್ನ ನಿಲ್ಲಿಸು ಅಂತಲ್ಲ. ಅಂಗೈ ಅಂಚನ್ನ ತಂತಿಗೆ ತಾಗಿಸಿ ಮೀಟೋ ಪಾಮ್ ಮ್ಯೂಟ್ ಗುರುತೂ ಆಗಲ್ಲ, ಅದರಲ್ಲಿ ಸ್ವರ ಹುಟ್ಟುವಾಗಲೇ ಉಸಿರು ಕಟ್ಟಿರುತ್ತದೆ. ಲೆಟ್ ರಿಂಗ್ (ಮೊಳಗಲಿ ಬಿಡು) ಅಂತ ಬರೆದು ಚುಕ್ಕಿಗೆರೆ ಎಳೆದರೆ ಗೆರೆ ಮುಗಿದಲ್ಲಿ ನಿಲ್ಲಿಸು ಅಂತ ಅರ್ಥ ಮಾಡಿಕೊಳ್ಳಬಹುದು. ಆದರೆ ಯಾವ ತಂತಿ ಅಂತ ಅದು ಹೇಳಲ್ಲ. ಐದು ಗೆರೆಯ ಸ್ಟಾಫ್ ನೊಟೇಶನ್ ಆಗಿದ್ದರೆ ಬೇಸ್ (ಕೆಳಗಿನ) ಸ್ವರಗಳಿಗೆ ಬೇರೆ ಕಡ್ಡಿ, ಅದರದೇ ವಿರಾಮದ ಚಿಹ್ನೆ ಇರುತ್ತಿತ್ತು. ಅದನ್ನ ಓದೋಕೆ ಅವನಿಗೆ ಬರಲ್ಲ.

ಇದು ಹಳೇ ತಲೆನೋವು. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚಿ ಅನ್ನೋ ಮುದ್ರಕ ಅಚ್ಚು ಹಾಕಿದ, ಲ್ಯೂಟ್ ಅನ್ನೋ ಹಳೇ ತಂತಿವಾದ್ಯದ ಟ್ಯಾಬ್‌ನಲ್ಲಿ ಗೆರೆಗಳ ಮೇಲೆ ತಾಳದ ಗುರುತುಗಳಿವೆ. ಅವು ಮುಂದಿನ ಸ್ವರ ಯಾವಾಗ ಅಂತ ಹೇಳುತ್ತವೆ, ಈಗಿನದು ಎಲ್ಲಿವರೆಗೆ ಅಂತ ಹೇಳಲ್ಲ.

ಅಮ್ಮ ವೀಣೆ ನುಡಿಸ್ತಾರೆ. "ಸರಿಗಮ ಬರೆಯುವಾಗ ನಾವು ಕಾಮಾ ಹಾಕ್ತೀವಲ್ಲ" ಅಂದರು. ಕಾಮಾ ಎಳೆಯೋಕೆ ತಾನೇ, ನಿಲ್ಸೋಕಾ? ಅವರೇ ಒಂದು ಕ್ಷಣ ಯೋಚಿಸಿ, "ಅದೇ ತಂತಿ ಮೇಲೆ ಮುಂದಿನ ಸ್ವರ ಬಂದರೆ ಹಿಂದಿನದು ತಾನಾಗೇ ಹೋಗತ್ತೆ. ತಾಳದ ತಂತಿ ಮೊಳಗಿದ್ರೆ ಮೊಳಗ್ಲಿ ಬಿಡು, ಅದು ಸ ಪ ತಾನೇ" ಅಂದರು. ಅಲ್ವಾ! ಅಲ್ಲಿ ಆಧಾರ ಷಡ್ಜ ಜಾಗ ಬಿಟ್ಟು ಕದಲಲ್ಲ. ಗಿಟಾರಿನ ಬೇಸ್ ಸ್ವರಕ್ಕೆ ಕಾಲು ನಿಲ್ಲಲ್ಲ, ಜಗಳ ಅಲ್ಲೇ.

ಮಧ್ಯಾಹ್ನ ಗಿಟಾರ್ ಹಿಡಿದು ನನ್ನ ಕೈಯನ್ನೇ ನೋಡಿಕೊಂಡೆ. ನಾಲ್ಕನೇ ತಂತಿ ಮೀಟಿದ ತಕ್ಷಣ ಹೆಬ್ಬೆರಳು ವಾಪಸ್ ಹೋಗಿ ಆರನೇ ತಂತಿ ಮೇಲೆ ಕೂರುತ್ತಿತ್ತು. ಇಷ್ಟು ವರ್ಷದಿಂದ ಹಾಗೇ ಮಾಡ್ತಿದ್ದೆ, ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಬರೆಯೋದು ಹೇಗೆ?

ತಂತಿಯ ನಂಬರಿಗೆ ಸುತ್ತು ಹಾಕೋ ರೂಢಿ ಮೊದಲಿಂದ ಇದೆ. ಅದನ್ನೇ ತಗೊಂಡು, ಡಿ ಬರುವ ಜಾಗದ ಕೆಳಗೆ ಸುತ್ತಿನೊಳಗೆ 6 ಬರೆದು ಅಡ್ಡಗೆರೆ ಎಳೆದೆ. ಫೋಟೋ ತೆಗೆದು ಕಳಿಸಿದೆ.

ಸಂಜೆ ಉತ್ತರ ಬಂತು. "ಮಾಮಾ, ಆ 6 ತಪ್ಪಾಗಿ ಬರೆದು ಹೊಡೆದು ಹಾಕಿದ್ದಾ?"