ಗಾಡಿ ಯಾವಾಗ ಸದ್ದು ಮಾಡುತ್ತೆ, ಅದನ್ನು ಹೇಳಿ

ಹಾಸನದ ಒಂದು ಕಾರ್ ವರ್ಕ್‌ಶಾಪ್‌ನಲ್ಲಿ ನಾನು ಸರ್ವಿಸ್ ಅಡ್ವೈಸರ್. ಸ್ಪ್ಯಾನರ್ ಹಿಡಿಯುವ ಕೆಲಸ ನನ್ನದಲ್ಲ. ಬೆಳಿಗ್ಗೆ ಗಾಡಿ ತಂದವರ ಮಾತು ಕೇಳಿ ಜಾಬ್ ಕಾರ್ಡ್ ಬರೆಯುವುದು, ಮಧ್ಯಾಹ್ನ ಫೋನ್ ಮಾಡಿ ಎಸ್ಟಿಮೇಟ್ ಹೇಳುವುದು, ಸಂಜೆ ಬಿಲ್ ಕೈಗಿಟ್ಟು ಬೈಸಿಕೊಳ್ಳುವುದು, ಇಷ್ಟು. ಈ ಕುರ್ಚಿಯಲ್ಲಿ ಕೂತು ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ರಿಪೇರಿಯಾಗಿ ಹೋದ ಗಾಡಿ ಅದೇ ಕಂಪ್ಲೇಂಟ್‌ಗೆ ವಾಪಸ್ ಬಂತು ಅಂದರೆ, ಎಷ್ಟೋ ಸಲ ಕೆಲಸ ಕೆಟ್ಟಿರುವುದು ರ‍್ಯಾಂಪ್ ಮೇಲೆ ಅಲ್ಲ, ಜಾಬ್ ಕಾರ್ಡ್‌ನಲ್ಲೇ.

ಮೆಕ್ಯಾನಿಕ್ ಮಾಲೀಕರ ಮುಖ ನೋಡುವುದೇ ಇಲ್ಲ ಅಲ್ವಾ? ಅವನ ಕೈಗೆ ಸಿಗುವುದು ಗಾಡಿ ಕೀ ಮತ್ತು ನಾನು ಬರೆದ ಎರಡು ಮೂರು ಸಾಲು. ಅದರಲ್ಲಿ ‘ಮುಂದೆ ಸೌಂಡ್, ಚೆಕ್ ಮಾಡಿ’ ಅಂತ ಇದ್ದರೆ ಅವನು ಒಂದು ರೌಂಡ್ ಹೊಡೆದು ಬರುತ್ತಾನೆ, ಸೌಂಡ್ ಕೇಳಿಸುವುದಿಲ್ಲ, ಬೋಲ್ಟ್ ಎಲ್ಲ ಟೈಟ್ ಮಾಡಿ ‘ಓಕೆ’ ಅಂತ ಬರೆದು ಬಿಡುತ್ತಾನೆ. ಮಾಲೀಕರು ಗೇಟ್ ದಾಟಿ ಮೊದಲ ಗುಂಡಿಗೆ ಇಳಿಸಿದ ಕೂಡಲೇ ಟಕ್ ಅನ್ನುತ್ತದೆ. ಮತ್ತೆ ಫೋನ್.

ಇನ್ನೊಂದು ಥರದ ಮಾಲೀಕರು ಇದ್ದಾರೆ. ಅವರು ತೊಂದರೆ ಹೇಳುವುದಿಲ್ಲ, ಪಾರ್ಟ್ ಹೆಸರು ಹೇಳುತ್ತಾರೆ. “ಶಾಕಪ್ಸ್ ಹೋಗಿದೆ, ಚೇಂಜ್ ಮಾಡಿಬಿಡಿ.” ಯಾರು ಹೇಳಿದ್ದು ಸಾರ್ ಅಂದರೆ ಭಾವಮೈದ, ಇಲ್ಲ ಯೂಟ್ಯೂಬ್. ಅದನ್ನು ಹಾಗೇ ಬರೆದುಕೊಂಡರೆ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಬದಲಾಯಿಸುತ್ತಾನೆ, ಸಾವಿರಗಟ್ಟಲೆ ಬಿಲ್ ಆಗುತ್ತದೆ, ಸೌಂಡ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಯಾಕೆಂದರೆ ಸವೆದಿದ್ದು ಪಕ್ಕದ ಲಿಂಕ್ ರಾಡ್, ಅಂದರೆ ಗಾಡಿ ವಾಲದಂತೆ ತಡೆಯುವ ಬಾರ್‌ಗೆ ಚಕ್ರದ ಕಡೆಯನ್ನು ಜೋಡಿಸುವ ಕಡ್ಡಿ. ಶಾಕ್‌ಗೆ ಹೋಲಿಸಿದರೆ ಅದು ತೀರಾ ಅಗ್ಗದ ಸಾಮಾನು.

ಅದಕ್ಕೆ ನಾನು ‘ಏನಾಗಿದೆ’ ಅಂತ ಕೇಳುವುದನ್ನು ಕಡಿಮೆ ಮಾಡಿ ‘ಯಾವಾಗ ಆಗುತ್ತೆ’ ಅಂತ ಕೇಳಲು ಶುರು ಮಾಡಿದೆ. ಎಷ್ಟು ಸ್ಪೀಡಲ್ಲಿ? ತಿರುಗಿಸುವಾಗಲಾ, ನೇರ ಹೋಗುವಾಗಲಾ? ಇಂಜಿನ್ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗಲಾ, ಒಂದೇ ಚಕ್ರ ಗುಂಡಿಗೆ ಇಳಿದಾಗಲಾ? ಈ ಕೊನೆಯ ಪ್ರಶ್ನೆಗೆ ಜನ ನಗುತ್ತಾರೆ. ಆದರೆ ಲಿಂಕ್ ರಾಡ್ ಮೇಲೆ ಭಾರ ಬೀಳುವುದೇ ಒಂದು ಕಡೆ ಚಕ್ರ ಮೇಲೆದ್ದು ಇನ್ನೊಂದು ಕೆಳಗಿದ್ದಾಗ. ಹಂಪ್‌ನಲ್ಲಿ ಸುಮ್ಮನಿದ್ದು, ಒಂದು ಬದಿ ಗುಂಡಿಗೆ ಇಳಿದಾಗ ಮಾತ್ರ ಟಕಟಕ ಅಂದರೆ ಮೊದಲು ಅಲ್ಲಿಗೇ ಕೈ ಹಾಕಬಹುದು.

ಸ್ಟೇರಿಂಗ್ ನಡುಗುತ್ತೆ ಅನ್ನುವ ಕಂಪ್ಲೇಂಟ್ ನೋಡಿ. ಹೈವೇಯಲ್ಲಿ 80 ದಾಟಿದ ಮೇಲೆ ಶುರುವಾಗಿ, 100ರ ಆಚೆ ಕಡಿಮೆಯಾಗುತ್ತೆ ಅಂದರೆ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್. ಸ್ಪೀಡ್ ಎಷ್ಟೇ ಇರಲಿ, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಬೇಕು. ನಡುಕ ಇಲ್ಲ, ಗೂಂ ಅನ್ನುವ ಸದ್ದು ಸ್ಪೀಡ್ ಜೊತೆ ಏರುತ್ತೆ, ಎಡಕ್ಕೆ ತಿರುಗಿಸಿದಾಗ ಇನ್ನೂ ಜಾಸ್ತಿಯಾಗುತ್ತೆ ಅಂದರೆ ಬಲಗಡೆ ವೀಲ್ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗುವಾಗ ಭಾರ ಬೀಳುವುದು ಬಲಗಡೆ ಚಕ್ರದ ಮೇಲೆ, ಅದಕ್ಕೆ. ಪೂರ್ತಿ ಸ್ಟೇರಿಂಗ್ ಕಟ್ ಮಾಡಿ ಯೂ-ಟರ್ನ್ ಹೊಡೆಯುವಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿ ಹೋಗಿರುತ್ತದೆ. ಇವೆಲ್ಲ ನಮ್ಮ ಕಂಪ್ಯೂಟರ್‌ನ ಪಟ್ಟಿಯಲ್ಲಿ ‘ವೈಬ್ರೇಷನ್’, ‘ನಾಯ್ಸ್’ ಅನ್ನುವ ಎರಡೇ ಸಾಲು. ಅದನ್ನು ಆರಿಸಿ ಮುಂದೆ ಹೋಗುವುದು ಸುಲಭ. ಕೆಳಗೆ ‘ರಿಮಾರ್ಕ್ಸ್’ ಅಂತ ಒಂದು ಚಿಕ್ಕ ಖಾಲಿ ಜಾಗ ಕೊಟ್ಟಿದ್ದಾರೆ, ನನ್ನ ಪಾಲಿಗೆ ಜಾಬ್ ಕಾರ್ಡ್ ಅಂದರೆ ಅದೇ. ಮಾಲೀಕರು ಆಡಿದ ಮಾತನ್ನು ಅವರ ಮಾತಲ್ಲೇ ಅಲ್ಲಿ ಬರೆಯುತ್ತೇನೆ. ‘ಎಡಕ್ಕೆ ತಿರುಗಿಸಿದ್ರೆ ಗೂಂ ಅನ್ನುತ್ತೆ’ ಅಂತಲೇ. ಮೆಕ್ಯಾನಿಕ್‌ಗಳು ಮೊದಮೊದಲು ನಕ್ಕರು. ಈಗ ಆ ಸಾಲು ಇಲ್ಲದಿದ್ದರೆ ಕಾರ್ಡ್ ಹಿಡಿದುಕೊಂಡು ಮೇಲೆ ಬಂದು ಕೇಳುತ್ತಾರೆ.

ನಮ್ಮೂರಿನ ವರ್ಕ್‌ಶಾಪ್‌ಗೆ ಶಿರಾಡಿ ಘಾಟಿಯ ಗಾಡಿಗಳು ಜಾಸ್ತಿ. ಬೆಂಗಳೂರಿನಿಂದ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋದವರು ವಾಪಸ್ ಬರುವಾಗ ಗಾಬರಿಯಿಂದ ಒಳಗೆ ಬರುತ್ತಾರೆ: “ಇಳಿಯುವಾಗ ಬ್ರೇಕೇ ಹಿಡೀಲಿಲ್ಲ ಸಾರ್.” ಗಾಡಿ ಇಲ್ಲಿಗೆ ಬರುವ ಹೊತ್ತಿಗೆ ಬ್ರೇಕ್ ತಣ್ಣಗಾಗಿ ಎಂದಿನಂತೆ ಹಿಡಿಯುತ್ತಿರುತ್ತದೆ. ಒಂದು ರೌಂಡ್ ನೋಡಿ ‘ಪ್ರಾಬ್ಲಂ ಇಲ್ಲ’ ಅಂತ ಕಳಿಸಿಬಿಡಬಹುದು. ಇಂಥಲ್ಲಿ ಸ್ವಲ್ಪ ಕೂತು ಕೇಳಬೇಕು. ಘಾಟಿ ಶುರುವಾಗುವ ಮಾರನಹಳ್ಳಿ ದಾಟಿ ಎಷ್ಟು ದೂರ ಇಳಿದ ಮೇಲೆ ಆಯಿತು? ಪೆಡಲ್ ಮೆತ್ತಗೆ ಒಳಗೆ ಹೋಯಿತಾ, ಇಲ್ಲ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲಲಿಲ್ವಾ? ಸುಟ್ಟ ವಾಸನೆ ಬಂತಾ?

ಮೆತ್ತಗೆ ಹೋಯಿತು ಅಂದರೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಪೆಡಲ್ ಗಟ್ಟಿಯಾಗಿತ್ತು, ವಾಸನೆಯೂ ಬಂತು ಅಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಇನ್ನು ಕೆಲವರು ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ. ಆಫ್ ಆದ ಮೇಲೆ ಕೆಲವು ಸಲ ಒತ್ತುವಷ್ಟರಲ್ಲಿ, ಬ್ರೇಕ್ ಹಗುರ ಮಾಡುವ ಬೂಸ್ಟರ್ ಸಹಾಯ ಮುಗಿದುಹೋಗಿ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗೂ ಭಾರ. ಅದು ರಿಪೇರಿ ಮಾಡುವ ವಿಷಯವೇ ಅಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಹತ್ತುವಾಗ ಯಾವ ಗೇರ್ ಬೇಕಾಗುತ್ತೋ ಇಳಿಯುವಾಗಲೂ ಅದೇ ಗೇರ್‌ನಲ್ಲಿ ಇರಿ ಅಂತ ಹೇಳಿ ಕಳಿಸುತ್ತೇವೆ.

ಏನನ್ನೂ ಬದಲಾಯಿಸದೆ ಕಳಿಸಿದ ಗಾಡಿಗಳೂ ಇವೆ. ಸಕಲೇಶಪುರದ ಕಡೆಯ ತೋಟದವರೊಬ್ಬರು ಮಳೆಗಾಲದಲ್ಲಿ ಬಂದರು. ಬ್ರೇಕ್ ಗರಗರ ಅನ್ನುತ್ತೆ, ಪ್ಯಾಡ್ ಹಾಕಿ ಅಂದರು. ಯಾವಾಗ? ಬೆಳಿಗ್ಗೆ ತೆಗೆದಾಗ ಮಾತ್ರ, ಗೇಟ್ ದಾಟುವಷ್ಟರಲ್ಲಿ ನಿಲ್ಲುತ್ತೆ. ಡಿಸ್ಕ್ ಬೀಡು ಕಬ್ಬಿಣದ್ದು. ರಾತ್ರಿಯಿಡೀ ಮಳೆ ತೇವದಲ್ಲಿ ನಿಂತರೆ ಮೇಲೆ ತೆಳು ತುಕ್ಕು ಕೂರುತ್ತದೆ, ನಾಲ್ಕು ಸಲ ಬ್ರೇಕ್ ಹಾಕಿದರೆ ಒರೆಸಿ ಹೋಗುತ್ತದೆ. ಪ್ಯಾಡ್ ದಪ್ಪ ನೋಡಿ, ಇನ್ನೂ ಬೇಕಾದಷ್ಟಿದೆ ಅಂತ ತೋರಿಸಿ ಕಳಿಸಿದೆವು. ಅವತ್ತು ಬಿಲ್ ಚಿಕ್ಕದಾಯಿತು ಅಂತ ಮ್ಯಾನೇಜರ್ ಮುಖವೂ ಚಿಕ್ಕದಾಯಿತು. ಆದರೆ ಅವರ ತೋಟದ ಉಳಿದ ಗಾಡಿಗಳೂ ಆಮೇಲೆ ನಮ್ಮಲ್ಲಿಗೇ ಬಂದವು.

ಡೀಸೆಲ್ ಗಾಡಿಯವರಿಗೆ ಕೇಳುವ ಪ್ರಶ್ನೆ ಬೇರೆ: ದಿನಾ ಎಷ್ಟು ದೂರ ಓಡಿಸ್ತೀರಾ? 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕೂತಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಮನೆಯಿಂದ ಆಫೀಸ್, ಆಫೀಸಿಂದ ಮಕ್ಕಳ ಸ್ಕೂಲ್ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ ಆ ಬಿಸಿ ಬರುವುದಿಲ್ಲ. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಇಂಜಿನ್ ಆಯಿಲ್‌ಗೂ ಡೀಸೆಲ್ ಸೇರುತ್ತದೆ. ಆಯಿಲ್ ಲೆವೆಲ್ ಏರಿದೆ ಅಂತ ಕೆಲವರು ಖುಷಿಪಡುತ್ತಾರೆ. ಅದು ಖುಷಿಪಡುವ ಸುದ್ದಿಯಲ್ಲ! ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ಲೈಟ್ ಈಗಷ್ಟೇ ಬಂದಿದ್ದರೆ ಚನ್ನರಾಯಪಟ್ಟಣದ ಕಡೆ ಹೈವೇಯಲ್ಲಿ ಒಂದೇ ಸಮ ಓಡಿಸಿಕೊಂಡು ಬನ್ನಿ, ಮಧ್ಯೆ ಎಲ್ಲೂ ಆಫ್ ಮಾಡಬೇಡಿ ಅನ್ನುತ್ತೇನೆ. ಪಿಕಪ್ಪೇ ಬಿದ್ದುಹೋಗಿದ್ದರೆ ಸ್ಕ್ಯಾನರ್ ಹಾಕಿ ನಾವೇ ಸುಡಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಊರೊಳಗೇ ಓಡಾಡುವವರಿಗೆ ಡೀಸೆಲ್ ಕಾರ್ ಮಾರುವುದೇ ತಪ್ಪು. ಆದರೆ ನಮ್ಮನ್ನು ಯಾರು ಕೇಳುತ್ತಾರೆ? ಷೋರೂಮಿನವರಿಗೆ ಸೇಲ್ ಆಯಿತು, ಬೈಗುಳ ಸರ್ವಿಸ್‌ಗೆ.

ಎಸಿ ಕಂಪ್ಲೇಂಟ್‌ನಲ್ಲಿ ಎಲ್ಲರದ್ದೂ ಒಂದೇ ಮಾತು, ಗ್ಯಾಸ್ ತುಂಬಿಸಿ. ಎಸಿ ಗ್ಯಾಸ್ ಅಡುಗೆ ಸಿಲಿಂಡರ್ ಥರ ಉರಿದು ಖಾಲಿಯಾಗುವಂಥದ್ದಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಬೇಗ ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಬರುತ್ತೀರಿ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಅಂದರೆ ಮೊದಲು ಮುಂದಿನ ಫ್ಯಾನ್ ನೋಡಬೇಕು. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಅದರಲ್ಲಿ ಎಲೆ, ಧೂಳು, ಕೆಲವು ಸಲ ಇಲಿ ಕಟ್ಟಿದ ಗೂಡು.

ಇಲಿ ವಿಷಯ ಬಂದರೆ ಒಂದು ಇಡೀ ದಿನ ಬೇಕು. ಇವತ್ತು ಬೇಡ.

ಎಷ್ಟು ಕೇಳಿದರೂ ಸರಿಯಾಗಿ ಉತ್ತರ ಬಾರದ ಪ್ರಶ್ನೆ ಒಂದಿದೆ. ನೀರಲ್ಲಿ ನಿಂತ ಗಾಡಿಯನ್ನು ಟೋಯಿಂಗ್ ಮಾಡಿಸಿಕೊಂಡು ಬಂದವರಿಗೆ, ನಿಂತ ಮೇಲೆ ಮತ್ತೆ ಸೆಲ್ಫ್ ಹೊಡೆದ್ರಾ ಅಂತ ಕೇಳಬೇಕು. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಗಾಳಿಯ ಹಾಗೆ ಅದನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಸೆಲ್ಫ್ ಹೊಡೆದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವ ಭಯ ಇದೆ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಇಂಜಿನ್‌ನ ಈ ನಷ್ಟಕ್ಕೆ ದುಡ್ಡು ಸಿಗುವುದು ಕಷ್ಟ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ತಗೊಂಡಿರಬೇಕು. ಈ ಭಯಕ್ಕೆ ಓಡಿಸಿದವರು “ಇಲ್ಲ ಸಾರ್, ಮುಟ್ಟೇ ಇಲ್ಲ” ಅನ್ನುತ್ತಾರೆ. ಹಿಂದಿನ ಸೀಟಿನಲ್ಲಿದ್ದ ಮನೆಯವರು “ಯಾಕ್ರೀ, ಅಷ್ಟು ಸಲ ತಿರುಗಿಸಿದ್ರಲ್ಲ” ಅಂತ ಅಲ್ಲೇ ಹೇಳಿಬಿಡುತ್ತಾರೆ. ಅದಕ್ಕೇ ಮನೆಮಂದಿ ಜೊತೆಯಲ್ಲಿ ಬಂದಿದ್ದರೆ ಎಲ್ಲರಿಗೂ ಕುರ್ಚಿ ಹಾಕಿ, ಕಾಫಿ ತರಿಸಿ, ಆಮೇಲೆ ಕೇಳುತ್ತೇನೆ. ದಬಾಯಿಸಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ಕಡೆಯ ಕೊಳಕನ್ನೂ ಹೇಳಬೇಕು. ನಾನು ಮುಂಚೆ ಕೆಲಸ ಮಾಡುತ್ತಿದ್ದ ಕಡೆ ಅಡ್ವೈಸರ್‌ಗಳಿಗೆ ತಿಂಗಳಿಗೆ ಟಾರ್ಗೆಟ್ ಇತ್ತು. ಇಂಜಿನ್ ಡೀಕಾರ್ಬನೈಸಿಂಗ್ ಇಷ್ಟು, ಎಸಿ ಸ್ಪ್ರೇ ಇಷ್ಟು, ಗಾಡಿಯ ಅಡಿಗೆ ತುಕ್ಕು ಹಿಡಿಯದಂತೆ ಹಚ್ಚುವ ಕೋಟಿಂಗ್ ಇಷ್ಟು. ಸಮುದ್ರದ ಕಡೆ ಇರುವವರಿಗೆ ಕೋಟಿಂಗ್ ಬೇಕಾಗಬಹುದು, ಅರಸೀಕೆರೆಯ ಒಣ ಹವೆಯಲ್ಲಿ ನಿಲ್ಲುವ ಗಾಡಿಗೆ ಏನು ಆತುರ? ಬೆಳಿಗ್ಗೆ ಸಿಗುವ ಹತ್ತು ನಿಮಿಷದಲ್ಲಿ ಇವನ್ನೆಲ್ಲ ಒಪ್ಪಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಮಾಲೀಕರು ಸೌಂಡ್ ಬಗ್ಗೆ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನೀವು ಗಾಡಿ ಬಿಡುವಾಗ ಇಂಥ ಪಟ್ಟಿ ಮುಂದೆ ಬಂದರೆ, ಮೊದಲು ನನ್ನ ಕಂಪ್ಲೇಂಟ್ ಬರೆದುಕೊಳ್ಳಿ, ಆಮೇಲೆ ಇದನ್ನು ನೋಡೋಣ ಅನ್ನಿ. ಬರೆದದ್ದನ್ನು ಓದಿ ಸಹಿ ಹಾಕಿ. ಬದಲಾಯಿಸಿದ ಹಳೇ ಪಾರ್ಟ್ ತೋರಿಸಿ ಅಂತ ಆಗಲೇ ಹೇಳಿ. ಸಂಜೆ ಕೇಳಿದರೆ ಅದು ಗುಜರಿ ಡ್ರಮ್ ಸೇರಿರುತ್ತದೆ.

ಸೌಂಡ್ ಕಂಪ್ಲೇಂಟ್ ಇದ್ದರೆ ಸ್ಟೇರಿಂಗ್ ನೀವೇ ಹಿಡಿಯುವುದು ಒಳ್ಳೆಯದು. “ಬನ್ನಿ ಸಾರ್, ನೀವು ಓಡಿಸಿ, ನಾನು ಪಕ್ಕ ಕೂರ್ತೀನಿ” ಅಂತ ಮೆಕ್ಯಾನಿಕ್‌ನನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ನೀವು ಕ್ಲಚ್ ಬಿಡುವ ರೀತಿ, ಗುಂಡಿಗೆ ಇಳಿಸುವ ರೀತಿ ನಿಮ್ಮದೇ. ಮೆಕ್ಯಾನಿಕ್ ಕೈಯಲ್ಲಿ ಬಾರದ ಸೌಂಡ್ ನಿಮ್ಮ ಕೈಯಲ್ಲಿ ಬರುತ್ತದೆ. ಸರ್ವಿಸ್‌ಗೆ ಅಂತ ಡಿಕ್ಕಿ ಖಾಲಿ ಮಾಡಿಕೊಂಡು ಬರಬೇಡಿ. ಎಷ್ಟೋ ಸಲ ಸದ್ದು ಮಾಡುವುದು ಸ್ಟೆಪ್ನಿ ಪಕ್ಕದ ಸಡಿಲ ಜಾಕ್ ರಾಡ್. ಡಿಕ್ಕಿ ಖಾಲಿಯಾದರೆ ಸೌಂಡೂ ಮನೆಯಲ್ಲೇ ಉಳಿಯುತ್ತದೆ.

ಬೆಳಿಗ್ಗೆ ಫಸ್ಟ್ ಸ್ಟಾರ್ಟ್‌ನಲ್ಲಿ ಮಾತ್ರ ಬರುವ ತೊಂದರೆಯಾದರೆ ಒಂದು ಉಪಕಾರ ಮಾಡಿ. ಬೇಲೂರಿಂದಲೋ ಹೊಳೆನರಸೀಪುರದಿಂದಲೋ ಬಿಸಿ ಇಂಜಿನ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ತಂದು ನಿಲ್ಲಿಸಿದರೆ ಸಂಜೆವರೆಗೆ ಕಾದರೂ ನಮಗೆ ಅದು ಸಿಗುವುದು ಕಷ್ಟ. ಹಿಂದಿನ ಸಂಜೆಯೇ ಬಿಟ್ಟು ಹೋಗಿ. ರಾತ್ರಿ ಇಲ್ಲೇ ತಣ್ಣಗೆ ನಿಂತಿರಲಿ, ಬೆಳಿಗ್ಗೆ ಮೆಕ್ಯಾನಿಕ್ ಬಂದು ಮೊದಲ ಸೆಲ್ಫ್ ಅವನೇ ಹೊಡೆಯಲಿ. ಸೆಕ್ಯೂರಿಟಿಯವರಿಗೆ ಕೀ ಮುಟ್ಟಬೇಡಿ ಅಂತ ನಾನು ಹೇಳಿಟ್ಟಿರುತ್ತೇನೆ. ಬಸ್‌ಸ್ಟ್ಯಾಂಡ್‌ವರೆಗೆ ಬಿಡಲು ನಮ್ಮ ಹುಡುಗರು ಇದ್ದಾರೆ.